ಕರೆಂಟ್ ಹೋದಾಗ ಕಂಡ ಲಿಂಬೆಹಣ್ಣು

ಫೆಬ್ರುವರಿಯಲ್ಲಿ ಮೂರು ದಿನ ನನ್ನ ಚಿತ್ರಗಳ ಪ್ರದರ್ಶನ ಇತ್ತು. ಇಲ್ಲೇ ವಿಜಯಪುರದಲ್ಲಿ, ದಿನಬಾಡಿಗೆಗೆ ಹಿಡಿದ ಒಂದು ಹಾಲ್‌ನಲ್ಲಿ. ಒಟ್ಟು 14 ಚಿತ್ರ. ಎಲ್ಲವೂ ಎಣ್ಣೆಬಣ್ಣದವು, ಎಲ್ಲದರಲ್ಲೂ ನಮ್ಮ ಮನೆಯ ಸಾಮಾನುಗಳೇ. ತಾಮ್ರದ ತಂಬಿಗೆ, ಹಿತ್ತಾಳೆ ಗಂಗಾಳ, ಇಂಡಿ ಲಿಂಬೆ, ಬೆಳ್ಳುಳ್ಳಿ ಗೊಂಚಲು, ಕುಪ್ಪಸ ಹೊಲಿಸುವ ಗುಳೇದಗುಡ್ಡದ ಖಣ. ಹಿಂದಿನ ರಾತ್ರಿ ಒಂಬತ್ತರವರೆಗೂ ನಾನೂ ನಮ್ಮನೆಯವರೂ ನೈಲಾನ್ ದಾರ ಕಟ್ಟಿ ಚಿತ್ರ ತೂಗುಹಾಕಿದೆವು. ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಅಷ್ಟು ಹೊತ್ತೂ ಮೂಲೆಯ ಒಂದೇ ಬಲ್ಬಿನಲ್ಲಿ ಕೆಲಸ ನಡೆದಿತ್ತು. ಕೊನೆಗೆ ಹಾಲ್ ನೋಡಿಕೊಳ್ಳುವ ಹುಡುಗ ಬಂದು ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಒತ್ತಿದ. ಪಟಪಟ ಅಂತ ಉದ್ದನೆಯ ಲೈಟುಗಳು ಹತ್ತಿಕೊಂಡವು. ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯ್ತು.

ಖಣದ ಕುಂಕುಮಗೆಂಪು ಹಳೇ ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ತಂಬಿಗೆ ಪ್ಲಾಸ್ಟಿಕ್ ಮಗ್ಗಿನ ಹಾಗೆ. ಲಿಂಬೆಹಣ್ಣಿಗೆ ಕಾಮಾಲೆ ಬಂದವರ ಕಣ್ಣಿನ ಬಣ್ಣ. ಒಂದೂವರೆ ವರ್ಷದ ಕೆಲಸ ಅದು. ನಮ್ಮನೆಯವರು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತು, "ಛಲೋ ಕಾಣಾಕತ್ತಾವ ಬಿಡು" ಅಂದರು. ನಾನು ಸುಮ್ಮನಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ಅಗ್ಗದ ಎಲ್‌ಇಡಿ ಲೈಟುಗಳ ಬೆಳಕಿನಲ್ಲಿ ಕಡುಗೆಂಪಿನ ಪಾಲು ಕಮ್ಮಿ ಇರುತ್ತದಂತೆ. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಕೆಂಪು ಬಟ್ಟೆ ಯಾವುದನ್ನು ವಾಪಸ್ ಕೊಡಬೇಕು? ಕಿಟಕಿಯ ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಲೈಟಿನ ಕೆಳಗೆ ಬೇರೆ ಬೇರೆ ಕಾಣುವುದೂ ಇದೆ. ಇದನ್ನು ಓದುವಾಗ ನನಗೆ ನಗು ಬಂತು. ಸೀರೆ ಅಂಗಡಿಯಲ್ಲಿ ಸೆರಗು ಹಿಡಿದುಕೊಂಡು ಬಾಗಿಲವರೆಗೆ ಬರುವ ಹೆಂಗಸರಿಗೆಲ್ಲ ಗೊತ್ತಿರೋ ವಿಷಯ ಅಲ್ವಾ ಇದು? ಸೀರೆ ಕೊಳ್ಳುವಾಗ ನಾನೂ ಹಾಗೇ ಮಾಡುತ್ತೇನೆ. ಹಾಲ್ ಹಿಡಿಯುವಾಗ ಮಾತ್ರ ಬಾಡಿಗೆ ಕೇಳಿದೆ, ಖುರ್ಚಿ ಎಷ್ಟಿವೆ ಅಂತ ಕೇಳಿದೆ, ಬೆಳಕು ಕೇಳಲಿಲ್ಲ.

ಹಿಂಗಾರಿ ಬೆಳೆ

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ನನ್ನ ಚಿತ್ರಕ್ಕೆ ಸಿಗುವುದು ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಜಾಗ, ಪಡಸಾಲೆಯ ಉತ್ತರದ ಕಿಟಕಿ. ಉತ್ತರದ ಬೆಳಕೇ ಬೇಕು ಅಂತ ಎಣ್ಣೆಬಣ್ಣದ ಪುಸ್ತಕಗಳೆಲ್ಲ ಹೇಳುತ್ತವೆ. ಅಲ್ಲಿಂದ ನೇರ ಬಿಸಿಲು ಬರುವುದಿಲ್ಲ, ನೆರಳು ಗಳಿಗೆಗೊಮ್ಮೆ ಜಾಗ ಬದಲಿಸುವುದಿಲ್ಲ, ಅದಕ್ಕೆ. ನಾನೂ ನಂಬಿದೆ. ಮೊದಲ ವರ್ಷ ಮೇ ತಿಂಗಳ ರಜೆಯಲ್ಲಿ ಹುರುಪಿನಿಂದ ಗಂಗಾಳವೂ ಬೆಳ್ಳುಳ್ಳಿಯೂ ಜೋಡಿಸಿ ಕೂತರೆ, ಏಳು ಗಂಟೆಗೆ ಉತ್ತರದ ಕಿಟಕಿಯಿಂದ ಬಿಸಿಲಿನ ಪಟ್ಟಿ ಒಳಗೆ ಬಂದು ಗಂಗಾಳದ ಮೇಲೆ ಕೂತಿತು. ದಿಕ್ಕೇ ತಪ್ಪಿದೆಯೇನೋ ಅಂತ ಫೋನಿನಲ್ಲಿ ದಿಕ್ಸೂಚಿ ತೆಗೆದು ನೋಡಿದೆ. ದಿಕ್ಕು ಸರಿ ಇತ್ತು. ಆ ಪುಸ್ತಕ ಬರೆದವರು ಯಾರೂ ವಿಜಯಪುರದಲ್ಲಿ ಮನೆ ಕಟ್ಟಿಸಿದವರಲ್ಲ, ಅಷ್ಟೇ. ನಮ್ಮೂರು ಇರುವುದು 17 ಡಿಗ್ರಿಗೂ ತುಸು ಕೆಳಗೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಕೂಡ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಇನ್ನು ಸೂರ್ಯ ಹುಟ್ಟುವ ಜಾಗ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೂ ಉತ್ತರಕ್ಕೆ ವಾಲಿಕೊಂಡೇ ಇರುತ್ತದೆ. ಪ್ಯಾರಿಸ್ಸಿನ ಉತ್ತರ ನಮ್ಮ ಉತ್ತರ ಅಲ್ಲ.

ಹಾಗಾಗಿ ನನ್ನ ಚಿತ್ರಗಳೆಲ್ಲ ಬಿಳಿಜೋಳದ ಹಾಗೆ ಹಿಂಗಾರಿ ಬೆಳೆ. ಮಹಾನವಮಿ ಹೊತ್ತಿಗೆ ಶುರು, ಶಿವರಾತ್ರಿ ಹೊತ್ತಿಗೆ ಕೊಯ್ಲು. ಉಳಿದ ತಿಂಗಳು ಕ್ಯಾನ್ವಾಸ್ ಬಿಗಿಯೋದು, ಪ್ರೈಮರ್ ಹಚ್ಚೋದು, ಹಳೆಯದನ್ನು ತಿದ್ದೋದು.

ಹಿಂಗಾರಿ ಅಂದಾಗ ಇನ್ನೊಂದು ನೆನಪಾಯ್ತು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ಎಣ್ಣೆಬಣ್ಣ. ನಾನು ಮೊದಲ ಬಾರಿ ಅಗಸೆ ಎಣ್ಣೆಯ ಬಾಟಲಿ ತೆಗೆದಾಗ ಅತ್ತೆ ಅಡುಗೆಮನೆಯಿಂದಲೇ, "ಯಾರ ಅಗಸಿ ಹಿಂಡಿ ಕುಟ್ಟಾಕತ್ತೀರಿ?" ಅಂತ ಕೂಗಿದ್ದರು. ಬಿಳಿ ಬಣ್ಣಕ್ಕೆ ಕೆಲವು ಕಂಪನಿಗಳು ಕುಸುಬಿ ಎಣ್ಣೆ ಹಾಕುತ್ತವೆ, ಅಗಸೆಯಷ್ಟು ಬೇಗ ಹಳದಿಯಾಗುವುದಿಲ್ಲ ಅಂತ. ಎರಡೂ ನಮ್ಮ ಎರೆಹೊಲದಲ್ಲಿ ಬೆಳೆದ ಬೆಳೆಗಳೇ. ಎಣ್ಣೆ ಒಣಗೋದು ಅಂದರೇನು ಅಂತ ನನಗೆ ತೋರಿಸಿಕೊಟ್ಟವರೂ ಅತ್ತೆಯೇ. ಹಳೇ ಕುಸುಬಿ ಎಣ್ಣೆ ಡಬ್ಬಿಯ ಬಾಯಿಗೆ ಕಂದು ಅಂಟು ಕಟ್ಟಿರುತ್ತದೆ ನೋಡಿ, ತೊಳೆದರೂ ಹೋಗದ್ದು, ಉಗುರಿನಲ್ಲಿ ಕೆರೆದರೆ ಬೆಲ್ಲದ ಪಾಕದ ಹಾಗೆ ಏಳುವುದು. ಅದೇ. ನೀರಿನ ಹಾಗೆ ಆರಿ ಹೋಗುವುದಿಲ್ಲ ಈ ಎಣ್ಣೆ. ಗಾಳಿಯಲ್ಲಿನ ಆಮ್ಲಜನಕ ಹೀರಿ ತಾನೇ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆಗೆ ಈ ಗುಣ ಇಲ್ಲ. ಶೇಂಗಾ ಎಣ್ಣೆಯಲ್ಲಿ ಚಿತ್ರ ಬರೆದರೆ ವರ್ಷ ಕಳೆದರೂ ಕೈಗೆ ಮೆತ್ತುತ್ತದೆ. (ಅಂದ ಹಾಗೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯಲ್ಲಿ ಆ ಕಾವು ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಬಹುದು. ನಾನು ನೀರಲ್ಲಿ ಅದ್ದಿ, ತಂತಿಯ ಮೇಲೆ ಒಂದೊಂದಾಗಿ ಹರವುತ್ತೇನೆ.)

ಪದರದ ಲೆಕ್ಕವೂ ಇಲ್ಲಿಂದಲೇ ಬರುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋದಂತೆ ಜಾಸ್ತಿ. ತಿರುಗಾಮುರುಗಾ ಮಾಡಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ನಿಧಾನವಾಗಿ ಒಣಗುತ್ತಾ ಅದನ್ನು ಎಳೆದಾಡಿ ಬಿರುಕು ಬಿಡಿಸುತ್ತದೆ. ನಾನು ರಾ ಅಂಬರ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಮೊದಲು ನೆರಳುಗಳನ್ನು ಹಾಕಿಕೊಳ್ಳುತ್ತೇನೆ. ಅಂಬರ್ ಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ನಮ್ಮೂರ ಒಣ ಹವೆಗೆ ಮರುದಿನ ಬೆಳಿಗ್ಗೆ ಮೇಲೆ ಕೆಲಸ ಮಾಡಬಹುದು.

ಯಾವುದೂ ಕೂತಲ್ಲಿ ಕೂರುವುದಿಲ್ಲ

ಸ್ಟಿಲ್ ಲೈಫ್ ಅನ್ನುತ್ತೇವೆ. ಶಾಲೆಯಲ್ಲಿ ಮಕ್ಕಳಿಗೆ ವಸ್ತುಚಿತ್ರ ಅಂತ ಹೇಳಿಕೊಡುತ್ತೇವೆ. ಫ್ರೆಂಚಿನಲ್ಲಿ ಇದರ ಹೆಸರಿಗೆ ಸತ್ತ ಪ್ರಕೃತಿ ಅಂತ ಅರ್ಥ. ಈ ಹೆಸರಿಟ್ಟವರೆಲ್ಲ ನಮ್ಮ ಮನೆಗೆ ಒಂದು ವಾರ ಬಂದಿರಬೇಕಿತ್ತು. ಲಿಂಬೆಹಣ್ಣು ತಂದ ದಿನ ಹಸಿರು. ಐದನೇ ದಿನಕ್ಕೆ ಒಂದು ಕೆನ್ನೆ ಹಳದಿ. ಹತ್ತನೇ ದಿನ ಪೂರ್ತಿ ಹಳದಿ, ತೊಟ್ಟಿನ ಹತ್ತಿರ ಕಂದು ಉಂಗುರ. ಆಮೇಲೆ ಸಿಪ್ಪೆ ಬಿಗಿದು ಚರ್ಮದ ಚೆಂಡು. ಎಣ್ಣೆಬಣ್ಣದ ನಡಿಗೆ ಅದರ ಅರ್ಧದಷ್ಟೂ ಇಲ್ಲ. ಅದಕ್ಕೆ ಹಣ್ಣನ್ನು ಒಂದೇ ಸಲಕ್ಕೆ ಕೂತು ಬರೆದು ಮುಗಿಸುತ್ತೇನೆ, ಹಸಿ ಬಣ್ಣದ ಮೇಲೇ ಹಸಿ ಬಣ್ಣ. ಪಾತ್ರೆ, ಬಟ್ಟೆ ಆಮೇಲೆ. ಅಷ್ಟರಲ್ಲಿ ಹಣ್ಣು ಉಳಿದಿದ್ದರೆ ಪುಣ್ಯ. ಎಷ್ಟೋ ಸಲ ಶಾಲೆಯಿಂದ ಬಂದು ನೋಡಿದರೆ ಮೂರರಲ್ಲಿ ಎರಡೇ ಇರುತ್ತವೆ. "ನೆಂಟರು ಬಂದಿದ್ರವಾ, ಪಾನಕ ಮಾಡಿದೆ" ಅಂತ ಅತ್ತೆ.

ಹಣ್ಣಿನ ಕಥೆ ಬಿಡಿ, ತಾಮ್ರದ ತಂಬಿಗೆಯಾದರೂ ನಿಲ್ಲಬೇಕಲ್ಲ. ಈ ಸಲ ಜನವರಿಯಲ್ಲಿ 12 ದಿನ ಅದನ್ನೇ ಬರೆದಿದ್ದೆ. ಬಹಳ ದಿನ ಬಳಸದೆ ಕಪ್ಪಿಟ್ಟ ತಂಬಿಗೆ. ಕಂಠದ ಕೆಳಗೆ ನೇರಳೆ, ಹೊಟ್ಟೆಯ ಮೇಲೆ ಕಾಸಿದ ಬೆಲ್ಲದ ಬಣ್ಣ, ತಳದ ಹತ್ತಿರ ಒಂದು ಕಡೆ ಹಸಿರು ಕಲೆ. ಆ ಹಸಿರು ಕಲೆಗಾಗಿಯೇ ಅದನ್ನು ಅಟ್ಟದಿಂದ ಇಳಿಸಿದ್ದು. ಭೋಗಿಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಸ್ಟೂಲಿನ ಮೇಲೆ ಹೊಸ ಮದುಮಗನ ಹಾಗೆ ಥಳಥಳ ಹೊಳೆಯುತ್ತಾ ಕೂತಿದೆ! ಅತ್ತೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಮತ್ತೆ ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಇಟ್ಟಿದ್ದರು. "ಹೊಲಸ ಆಗಿತ್ತು. ಅದನ್ನೇ ಚಿತ್ರದಾಗ ತಗದ್ರ ಮಂದಿ ಏನಂತಾರ?" ಅವರ ಮಾತೂ ಸರಿಯೇ. ಇಟಲಿಯ ಮೊರಾಂಡಿ ಅಂತ ಒಬ್ಬ ಚಿತ್ರಕಾರ ಇದ್ದ, 1964ರಲ್ಲಿ ತೀರಿಕೊಂಡ. ಬದುಕಿಡೀ ಅವವೇ ಬಾಟಲಿ, ಹೂಜಿಗಳನ್ನು ಬರೆದ. ಅವುಗಳ ಮೇಲೆ ಧೂಳು ಕೂರಲು ಬಿಡುತ್ತಿದ್ದ, ಆ ಧೂಳಿನ ಬಣ್ಣವೇ ಅವನಿಗೆ ಬೇಕಿತ್ತು. ಅವನು ಮದುವೆಯಾಗಲಿಲ್ಲ, ಮೂವರು ತಂಗಿಯರ ಜೊತೆ ಇದ್ದ. ಆ ತಂಗಿಯರ ತಾಳ್ಮೆಯ ಬಗ್ಗೆ ನನಗೆ ಬಹಳ ಗೌರವ.

ಕೊನೆಗೆ ಎರಡು ತಂಬಿಗೆಯ ಅರ್ಧರ್ಧ ಆ ಚಿತ್ರದಲ್ಲಿ ಉಳಿಯಿತು. ಎಡಕ್ಕೆ ಕಪ್ಪು, ಬಲಕ್ಕೆ ಹೊಳಪು. ಯಾರೂ ಗುರುತಿಸಲಿಲ್ಲ. ಒಬ್ಬ ಸರ್ ಮಾತ್ರ ಅಭಿಪ್ರಾಯ ಪುಸ್ತಕದಲ್ಲಿ "ನೆರಳು ಬೆಳಕು ಅದ್ಭುತ" ಅಂತ ಬರೆದಿದ್ದರು.

ಅಮವಾಸಿದೇನ್ರೀ?

ಮೊದಲ ದಿನ ಉದ್ಘಾಟನೆ. ದೀಪ, ಹಾರ, ಶಾಲು, ಫೋಟೋ. ನನ್ನ ಹಳೇ ವಿದ್ಯಾರ್ಥಿಗಳು ಬಂದರು, ಸೆಲ್ಫಿ ತೆಗೆದುಕೊಂಡರು. "ಮೇಡಂ, ಫೋಟೋ ಇದ್ದಂಗ ಐತ್ರೀ" ಅಂದರು. ಹೊಗಳಿಕೆ ಅಂತ ಗೊತ್ತು, ಆದರೂ ಚುಚ್ಚುತ್ತದೆ. ಲೈಟಿನ ಪ್ರತಿಫಲನ ತಪ್ಪಿಸಲು ಎಲ್ಲರೂ ಚಿತ್ರದ ಮುಂದೆ ಕತ್ತು ಓರೆ ಮಾಡಿ, ಮಂಡಿ ಬಗ್ಗಿಸಿ ನಿಲ್ಲುತ್ತಿದ್ದರು. ಇನ್ನೊಂದು ಸಮಸ್ಯೆ ನನ್ನದೇ ಅವಸರದ್ದು. ಜನವರಿಯ ಚಿತ್ರಗಳಿಗೆ ವಾರ್ನಿಶ್ ಹಚ್ಚಿರಲಿಲ್ಲ. ಹಚ್ಚುವ ಹಾಗೂ ಇಲ್ಲ, ಆರು ತಿಂಗಳಾದರೂ ಕಾಯಬೇಕು. ಕೆಳಗಿನ ಪದರ ಎಣ್ಣೆ ಹೀರಿಕೊಂಡ ಕಡೆಯೆಲ್ಲ ಕಪ್ಪು ಬಣ್ಣ ಇಂಗಿ ಬೂದಿಯ ಹಾಗೆ ಮಂಕಾಗಿತ್ತು.

ಮಧ್ಯಾಹ್ನ ಒಬ್ಬ ಕಾಕಾ ಬಂದರು. ಬಿಳಿ ಟೋಪಿ, ಕೈಯಲ್ಲಿ ಔಷಧಿ ಅಂಗಡಿಯ ಚೀಲ. ಒಂದೊಂದನ್ನೂ ನೋಡುತ್ತಾ ಬಂದವರು ಖಣದ ಚಿತ್ರದ ಮುಂದೆ ನಿಂತರು. ಕೆಂಪು ಖಣ, ಅದರ ಮೇಲೆ ಮೂರು ಲಿಂಬೆಹಣ್ಣು, ಪಕ್ಕದಲ್ಲಿ ತಂಬಿಗೆ. ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ತಂಗೀ, ಇದು ಅಮವಾಸಿದೇನ್ರೀ?" ಅಂದರು.

ನನಗೆ ಆಗ ಹೊಳೆಯಿತು. ಕೆಂಪು ಬಟ್ಟೆ, ಲಿಂಬೆಹಣ್ಣು, ತಂಬಿಗೆ! ಮೂರು ದಾರಿ ಕೂಡುವಲ್ಲಿ ಇವು ಕಂಡರೆ ನಾನೇ ಸ್ಕೂಟಿ ಆಚೆ ತಿರುಗಿಸುತ್ತೇನೆ. ಆರು ವಾರ ಅದರ ಮುಂದೆ ಕೂತಿದ್ದರೂ ಒಮ್ಮೆಯೂ ಅನ್ನಿಸಿರಲಿಲ್ಲ. ನಾನು ನೋಡುತ್ತಿದ್ದದ್ದು ಕೆಂಪಿನ ಪಕ್ಕ ಹಳದಿ ಎಷ್ಟು ತಣ್ಣಗಾಗುತ್ತದೆ ಅನ್ನುವುದನ್ನು. ಡಚ್ಚರು ಅರ್ಧ ಸಿಪ್ಪೆ ಸುಲಿದ ನಿಂಬೆಯನ್ನು ಬೆಳ್ಳಿ ತಟ್ಟೆಯ ಅಂಚಿಗೆ ಇಟ್ಟು ಬರೆದರು, ಅದು ಸಿರಿವಂತಿಕೆ ಆಯ್ತು. ನಮ್ಮಲ್ಲಿ ಲಿಂಬೆಹಣ್ಣು ಸುಮ್ನೆ ಲಿಂಬೆಹಣ್ಣಾಗಿ ಎಂದಾದರೂ ಇತ್ತಾ? ಲಾರಿಯ ಮುಂದೆ ಕಟ್ಟಿದ್ದು, ಹೊಸ ಬೈಕಿನ ಗಾಲಿಯ ಕೆಳಗಿಟ್ಟಿದ್ದು, ದೇವಿಯ ಕೊರಳಿನ ಹಾರದ್ದು. ಊಟದ ತಟ್ಟೆಯ ಹೋಳು ಅಷ್ಟೇ ನಿರುಪದ್ರವಿ. ಕಾಕಾ ಹೋದ ಮೇಲೆ ಚಿತ್ರ ಇಳಿಸಿ ಗೋಡೆ ಖಾಲಿ ಬಿಡಲೋ ಅಂತ ಯೋಚಿಸಿದೆ. ಇಳಿಸಲಿಲ್ಲ. ಆ ಚಿತ್ರಕ್ಕೆ ಹೆಸರಿನ ಚೀಟಿ ಮಾತ್ರ ಬದಲಿಸಿದೆ. "ಖಣ ಮತ್ತು ಲಿಂಬೆ" ಅಂತ ಇದ್ದದ್ದನ್ನು "ಗುಳೇದಗುಡ್ಡದ ಖಣ" ಅಂತ ಬರೆದೆ. ಲಿಂಬೆಗಳು ಹೇಗೂ ಕಾಣುತ್ತವಲ್ಲ.

ಹನ್ನೊಂದು ಗಂಟೆಗೆ

ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕರೆಂಟ್ ಹೋಯ್ತು. ಫ್ಯಾನು ನಿಂತವು. ಇದ್ದ ನಾಲ್ಕು ಜನರಲ್ಲಿ ಇಬ್ಬರು ಹೊರಗೆ ಹೋದರು. ಹಾಲ್‌ನ ಹುಡುಗ ಬಂದು ಎಡಗಡೆಯ ದೊಡ್ಡ ಬಾಗಿಲು ತೆಗೆದ. ಎರಡು ದಿನದಿಂದ ಅದಕ್ಕೆ ಪರದೆ ಬಿಟ್ಟು ಖುರ್ಚಿ ಅಡ್ಡ ಇಟ್ಟಿದ್ದರು. ಹೊರಗೆ ಬೇವಿನ ಮರ, ಅದರಾಚೆ ಸುಣ್ಣ ಬಳಿದ ಕಾಂಪೌಂಡ್ ಗೋಡೆ. ಗೋಡೆಗೆ ಬಿದ್ದ ಬಿಸಿಲು ಮೆತ್ತಗಾಗಿ, ಓರೆಯಾಗಿ ಒಳಗೆ ಬಂತು.

ನನ್ನ ಚಿತ್ರಗಳಲ್ಲಿ ಬೆಳಕು ಯಾವಾಗಲೂ ಎಡದಿಂದ. ನಾನು ಬಲಗೈಯವಳು, ಕಿಟಕಿ ಎಡಕ್ಕಿದ್ದರೆ ಕೈಯ ನೆರಳು ಕ್ಯಾನ್ವಾಸಿನ ಮೇಲೆ ಬೀಳುವುದಿಲ್ಲ. ಈಗ ಹಾಲ್‌ನ ಬೆಳಕೂ ಎಡದಿಂದ ಬಂದು ಚಿತ್ರದೊಳಗಿನ ಬೆಳಕಿನ ಜೊತೆ ಕೂಡಿಕೊಂಡಿತು. ಖಣ ಮತ್ತೆ ಕೆಂಪಾಯಿತು. ತಂಬಿಗೆಯ ಹಸಿರು ಕಲೆ ಕಂಡಿತು. ಲಿಂಬೆಗಳ ಬಲಗೆನ್ನೆಯಲ್ಲಿ ನಾನು ಹಾಕಿದ್ದ ತಿಳಿನೀಲಿ ನೆರಳು, ನಾನೇ ಮರೆತಿದ್ದೆ, ಅದು ಎದ್ದು ಬಂತು. ಕೂತಲ್ಲಿಂದ ಎದ್ದೆ.

ಆ ಹೊತ್ತಿಗೆ ಒಬ್ಬ ಆಯಿ ಒಳಗೆ ಬಂದರು. ಎಪ್ಪತ್ತರ ಮೇಲಿರಬೇಕು. ಇಳಕಲ್ ಸೀರೆ, ತಲೆ ಮೇಲೆ ಸೆರಗು. ಜೊತೆಗೆ ಮೊಮ್ಮಗ, ಹತ್ತು ವರ್ಷದವನು. ಚಿತ್ರ ನೋಡಲು ಬಂದವರಲ್ಲ, ಬಾಗಿಲು ತೆಗೆದಿತ್ತು, ನೆರಳಿತ್ತು, ನೀರಿನ ಕ್ಯಾನ್ ಕಂಡಿತ್ತು. ನೀರು ಕುಡಿದು ಸುತ್ತ ನೋಡಿದರು. ಸೀದಾ ಖಣದ ಚಿತ್ರಕ್ಕೆ ಹೋದರು. ಲಿಂಬೆಯನ್ನೂ ನೋಡಲಿಲ್ಲ, ತಂಬಿಗೆಯನ್ನೂ ನೋಡಲಿಲ್ಲ. ಮೂಗು ತಾಗುವಷ್ಟು ಹತ್ತಿರ ನಿಂತು, "ಹಾಸು ಕೆಂಪ, ಹೊಕ್ಕು ಕರಿ" ಅಂದರು, ತಮಗೆ ತಾವೇ.

ಖಣದಲ್ಲಿ ಹಾಸು, ಅಂದರೆ ಉದ್ದದ ಎಳೆ, ಒಂದು ಬಣ್ಣ; ಹೊಕ್ಕು, ಅಂದರೆ ಅಡ್ಡದ ಎಳೆ, ಇನ್ನೊಂದು. ಎದುರಿನಿಂದ ಕೆಂಪು, ಓರೆಯಿಂದ ಕಪ್ಪು ಮಿಂಚುತ್ತದೆ. ಅದನ್ನು ಹಿಡಿಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಮೊದಲು ಕಪ್ಪು ನೆಲ, ಅದು ಒಣಗಿದ ಮೇಲೆ ಕೆಂಪನ್ನು ತೆಳ್ಳಗೆ ಎಣ್ಣೆಯಲ್ಲಿ ಬಿಟ್ಟು, ಒಣ ಕುಂಚದಿಂದ ಎಳೆ ಎಳೆ ಎಬ್ಬಿಸಿದ್ದು. ಎರಡು ದಿನದಲ್ಲಿ ಒಬ್ಬರೂ ಅದನ್ನು ಕಂಡಿರಲಿಲ್ಲ. ಆ ಲೈಟಿನಲ್ಲಿ ಕಾಣಲು ಸಾಧ್ಯವೂ ಇರಲಿಲ್ಲ.

"ನೇಯ್ತಿದ್ರೇನ್ರಿ ಆಯಿ?" ಅಂದೆ.

"ನಮ್ಮ ತವರಮನ್ಯಾಗ ಎರಡ ಮಗ್ಗ ಇದ್ವು" ಅಂದರು. ಆಮೇಲೆ ಬೆರಳು ಮಾಡಿ ತೋರಿಸಿದರು, ಮುಟ್ಟದೆ. "ಎಲ್ಲಾ ಬರೋಬ್ಬರಿ ತಗದೀ. ಇಲ್ಲಿ ಒಂದ ತಪ್ಪೇತಿ ನೋಡವಾ. ಇಲ್ಲಿ ಅರಬಿ ಮಡಚೇತಲ್ಲ, ಮಡಚಿದಲ್ಲಿ ಕರಿ ಮುಂದ ಬರಬೇಕು. ನೀ ಕೆಂಪನ ಇಟ್ಟೀ."

ನಾನು ಬಗ್ಗಿ ನೋಡಿದೆ. ಸ್ಟೂಲಿನ ಅಂಚಿನಿಂದ ಖಣ ಕೆಳಗೆ ಇಳಿಯುವಲ್ಲಿ ಮೂರನೇ ಮಡಿಕೆ. ಅವತ್ತು ಎಂಟೂವರೆ ಆಗಿತ್ತು, ಶಾಲೆಗೆ ಹೊತ್ತಾಗಿತ್ತು. ನೋಡದೆ ನೆನಪಿನಿಂದ ತುಂಬಿದ ಜಾಗ ಅದೊಂದೇ. ಇಡೀ ಚಿತ್ರದಲ್ಲಿ ಹೆಬ್ಬೆರಳಿನಷ್ಟು ಜಾಗ.

ಏನು ಹೇಳಬೇಕೋ ತೋಚಲಿಲ್ಲ. ಚಹಾ ತರಿಸಲಾ ಅಂತ ಕೇಳುತ್ತಿದ್ದೆ, ಅಷ್ಟರಲ್ಲಿ ಕರೆಂಟ್ ಬಂತು. ಲೈಟೆಲ್ಲ ಹತ್ತಿಕೊಂಡವು. ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಚಿತ್ರದ ಕಡೆ ಇನ್ನೊಮ್ಮೆ ನೋಡಿದರು. "ಹಾಂ, ಈಗ ಕಾಣವಲ್ದು" ಅಂದು ಮೊಮ್ಮಗನ ಕೈ ಹಿಡಿದು ಹೊರಟರು. ನಾನು ಹುಡುಗನಿಗೆ ಲೈಟ್ ಆರಿಸು ಅಂದೆ. "ಅಕ್ಕಾರ, ಲೈಟಿಂದೂ ಬಾಡಿಗಿ ಕೊಟ್ಟೀರಲ್ರೀ?" ಅಂತ ಅವನು ಬೆರಗಾದ. ಸಂಜೆಯವರೆಗೂ ಆರಿಸಿಯೇ ಇಟ್ಟೆ. ನಾಲ್ಕು ಗಂಟೆಯ ಮೇಲೆ ಕತ್ತಲಾಗುತ್ತಾ ಬಂತು, ಜನ ಬಾಗಿಲವರೆಗೆ ಬಂದು, ಮುಚ್ಚಿದೆ ಅಂದುಕೊಂಡು ವಾಪಸ್ ಹೋದರು.

ಶಾರ್ದಾಂ ನೆನಪಾದ. ತಾಮ್ರದ ಪಾತ್ರೆ ಬರೆಯುವುದನ್ನು ಕಲಿಯಲು ನಾನು ಅತಿ ಹೆಚ್ಚು ನೋಡಿದ್ದು ಹದಿನೆಂಟನೇ ಶತಮಾನದ ಈ ಫ್ರೆಂಚನ ಚಿತ್ರಗಳನ್ನು, ಪುಸ್ತಕದಲ್ಲಿ, ಮೊಬೈಲಿನಲ್ಲಿ. ಅವನು 1755ರಿಂದ ಸುಮಾರು 20 ವರ್ಷ ಪ್ಯಾರಿಸ್ಸಿನ ಲೂವ್ರ್ ಅರಮನೆಯ ಪ್ರದರ್ಶನಗಳಲ್ಲಿ ಬೇರೆಯವರ ಚಿತ್ರಗಳನ್ನೂ ತೂಗುಹಾಕುವ ಕೆಲಸ ಮಾಡುತ್ತಿದ್ದ. ನೆಲದಿಂದ ಮಾಳಿಗೆವರೆಗೆ ಚೌಕಟ್ಟಿಗೆ ಚೌಕಟ್ಟು ಹತ್ತಿಸಿ ಹಾಕುವ ಕಾಲ ಅದು. ಯಾರದನ್ನು ಕಣ್ಣಿನ ಮಟ್ಟಕ್ಕೆ, ಯಾರದನ್ನು ಮೂಲೆಗೆ ಅಂತ ಜಗಳಗಳೂ ಇದ್ದವು. ಇದನ್ನು ಮೊದಲು ಓದಿದಾಗ, ಅಷ್ಟು ದೊಡ್ಡ ಚಿತ್ರಕಾರನಿಗೆ ಏಣಿ ಹತ್ತುವ ಕೆಲಸ ಯಾಕೆ ಕೊಟ್ಟರು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಮೂರನೇ ಮಡಿಕೆ

14ರಲ್ಲಿ ಎರಡು ಮಾರಾಟವಾದವು. ಬೆಳ್ಳುಳ್ಳಿಯದು ಒಂದು, ಚಿಕ್ಕುಹಣ್ಣಿನದು ಒಂದು. ಹಾಲ್ ಬಾಡಿಗೆ, ಚೌಕಟ್ಟು, ಟಾಟಾ ಏಸ್ ಬಾಡಿಗೆ ಕಳೆದು ಕೈಯಿಂದಲೇ ಹೋಯ್ತು. ಅದಿರಲಿ. ಖಣದ ಚಿತ್ರ ವಾಪಸ್ ಮನೆಗೆ ಬಂತು. ಆ ಮಡಿಕೆ ಸರಿ ಮಾಡದೆ ನಿದ್ದೆ ಬರುವ ಹಾಗಿರಲಿಲ್ಲ. ಒಣಗಿದ ಬಣ್ಣದ ಮೇಲೆ ಎಣ್ಣೆಯ ತೆಳು ಪದರ ತಿಕ್ಕಿ ಒರೆಸಿದರೆ ಇಂಗಿದ ಬಣ್ಣ ಮತ್ತೆ ಜೀವ ತಳೆಯುತ್ತದೆ, ಅದರ ಮೇಲೆ ತಿದ್ದಬಹುದು. ಅಷ್ಟನ್ನು ಮಾಡಿಕೊಂಡೆ. ಖಣ ಹುಡುಕಿದೆ. ಟ್ರಂಕಿನಲ್ಲಿಲ್ಲ, ಕಪಾಟಿನಲ್ಲಿಲ್ಲ. ಅತ್ತೆಯನ್ನು ಕೇಳಿದೆ. "ಅದಾ? ಮಾಲಾನ ಉಡ್ಯಾಗ ಹಾಕಿದೆ. ಹೊಸಾದ ಇತ್ತಲ್ಲ, ಖಾಲಿ ಯಾಕ ಬಿದ್ದಿರಬೇಕು?"

ಮಾಲಾ ನನ್ನ ನಾದಿನಿ, ಬಾಗಲಕೋಟೆಯ ನವನಗರದಲ್ಲಿರುತ್ತಾಳೆ. ಪೇಟೆಗೆ ಹೋಗಿ ಆರು ಅಂಗಡಿ ತಿರುಗಿದೆ, ಪ್ರತಿಯೊಂದನ್ನೂ ಬಾಗಿಲಿಗೆ ತಂದು ನೋಡಿದೆ. ಅದೇ ಕೆಂಪು ಸಿಗಲಿಲ್ಲ. ಸಿಕ್ಕ ಹತ್ತಿರದ ಕೆಂಪಿಗೆ ಹೊಕ್ಕು ಹಸಿರಿತ್ತು.

ಈಗ ಮೇ. ಕಿಟಕಿಯಿಂದ ಬಿಸಿಲು ಬರುತ್ತಿದೆ, ಮಾವನ ಹಳೇ ಬಿಳಿ ಧೋತರ ಅಡ್ಡ ಕಟ್ಟಿದ್ದೇನೆ. ಮಕ್ಕಳ ರಜೆಗೆ ಅಂತ ಮಾಲಾ ಮೊನ್ನೆ ಬಂದಳು. ನಿನ್ನೆ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಅದೇ ಖಣದ ಕುಪ್ಪಸ ತೊಟ್ಟು ಪಡಸಾಲೆಗೆ ಬಂದು ಕಟ್ಟೆಯ ಮೇಲೆ ಕೂತಳು. ಮೊಣಕೈ ದಾಟುವ ತೋಳು. ಚಹಾದ ಕಪ್ ಎತ್ತಲು ಕೈ ಮಡಚಿದಳು. ಮಡಚಿದಲ್ಲಿ ಕೆಂಪು ಹಿಂದೆ ಸರಿದು, ಒಂದು ಗೆರೆಯಷ್ಟು ಕರಿ ಮುಂದೆ ಬಂತು.

"ಮಾಲಾ, ಹಂಗ ಇರು. ಅಲ್ಲಾಡಬ್ಯಾಡ" ಅಂದು ಕುಂಚ ಹುಡುಕಿದೆ.

"ಅಯ್ಯ ವೈನಿ, ಚಹಾ ಕುಡೀಲ್ಯೋ ಬ್ಯಾಡೋ?"